ಕೊಳಲು ನುಡಿಯುತ್ತಿದ್ದಾಗ ಆಡಿದ ಮಾತು

ಅವಳಿಗೊಂದು ಸಣ್ಣ ಅಳುಕಿತ್ತು. ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ. ಹೇಳಿದರೆ "ಇದಕ್ಕೆಲ್ಲ ಯಾರಾದ್ರೂ ತಲೆ ಕೆಡಿಸ್ಕೊಳ್ತಾರಾ?" ಎಂದು ನಕ್ಕುಬಿಡುವಂಥದ್ದು. ಆದ್ದರಿಂದ ಅದನ್ನು ಡೈರಿಗೆ ಮಾತ್ರ ಹೇಳಿಕೊಂಡಳು: 'ಇವತ್ತೂ ಹದಿನೇಳು ಮನೆಯೊಳಗೆ ಹೋಗಿ ಬಂದೆ. ಯಾರೂ ಬಾ ಅಂದಿರಲಿಲ್ಲ. ಯಾರಿಗೂ ಗೊತ್ತಾಗಲೂ ಇಲ್ಲ. ಇದಕ್ಕೆ ಏನನ್ನುತ್ತಾರೆ?'

ಡಿಗ್ರಿ ಮುಗಿಸಿದ ಮೇಲೆ ಅವಳಿಗೆ ಸಿಕ್ಕಿದ ಮೊದಲ ಕೆಲಸ ಅದು. ವಾಷಿಂಗ್ ಮೆಷಿನ್, ಫ್ರಿಜ್ ರಿಪೇರಿ ಮಾಡಿಕೊಡುವ ಆಫೀಸು. ಕೆಳಗೆ ಟೈರಿನ ಅಂಗಡಿ, ಮೇಲೆ ಇವರದು. ಮೆಟ್ಟಿಲು ಹತ್ತುವಾಗಲೇ ರಬ್ಬರಿನ ವಾಸನೆ ಮೂಗಿಗೆ ಅಡರುತ್ತಿತ್ತು. ಒಳಗೆ ಎರಡು ಮೇಜು, ಎರಡು ಫೋನು, ಬಿಡಿಭಾಗ ತುಂಬಿ ಬಾಗಿಲು ಹಾಕಲಾಗದ ಒಂದು ಬೀರು. ಫೋನು ಎತ್ತುವವರು ಯಜಮಾನರು. ಅವರ ಗಂಟಲು ಕೆಳಗಿನ ಟೈರಿನ ಅಂಗಡಿಗೂ ಕೇಳಿಸುವಷ್ಟು ದೊಡ್ಡದು. ಇವಳದೋ ಎದುರಿಗೆ ಕೂತವರಿಗೂ ಕೇಳಿಸದು. ಅದಕ್ಕೇ ರಿಪೇರಿಗೆ ಹೋಗುವ ಮೆಕ್ಯಾನಿಕ್ ಅಣ್ಣ ಅವಳಿಗೆ 'ಪಿಸುಮಾತು ಮೇಡಂ' ಎಂದು ಹೆಸರಿಟ್ಟಿದ್ದ.

ಅವಳ ಕೆಲಸ ಮಾತಾಡುವುದಲ್ಲ, ಕೇಳುವುದು. ಹಿಂದಿನ ವರ್ಷ ಒಬ್ಬ ಗಿರಾಕಿ "ಮೋಟಾರ್ ಪುಕ್ಕಟೆ ಹಾಕಿಕೊಡ್ತೀನಿ ಅಂದಿದ್ರಿ" ಎಂದು ರಂಪ ಮಾಡಿದ್ದ. ಅಂದಿನಿಂದ ಯಜಮಾನರು ಫೋನಿಗೆ ರೆಕಾರ್ಡ್ ಮಾಡುವ ಒಂದು ಪೆಟ್ಟಿಗೆ ಹಾಕಿಸಿದರು. ಬಂದ ಕರೆಯೆಲ್ಲ ಅದರಲ್ಲಿ ತುಂಬಿಕೊಳ್ಳುತ್ತಿತ್ತು. ಮರುದಿನ ಬೆಳಿಗ್ಗೆ ಇವಳು ಹೆಡ್‌ಫೋನು ಹಾಕಿಕೊಂಡು ಒಂದೊಂದನ್ನೇ ಕೇಳಿ, ಯಾವ ಮೆಷಿನು, ಏನು ದೂರು, ಯಾವತ್ತು ಬರುತ್ತೇವೆಂದು ಹೇಳಿದ್ದೇವೆ ಎಂದು ಪುಸ್ತಕದಲ್ಲಿ ಬರೆಯಬೇಕು.

ಪೆಟ್ಟಿಗೆ ಕೂರಿಸಿದವನು 'ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ' ಎಂಬ ಸೂಚನೆಯನ್ನೂ ಸೇರಿಸಿಯೇ ಹೋಗಿದ್ದ. ಯಜಮಾನರು ಒಂದು ವಾರದಲ್ಲಿ ಅದನ್ನು ತೆಗೆಸಿಹಾಕಿದರು.

"ಹನ್ನೊಂದು ಸೆಕೆಂಡಮ್ಮಾ! ಅಷ್ಟು ಹೊತ್ತು ಉಪದೇಶ ಕೇಳ್ಕೊಂಡು ಯಾರು ಕೂತಿರ್ತಾರೆ? ಫೋನ್ ಇಟ್ಟು ಎದುರಿನ ಅಂಗಡಿಗೆ ಮಾಡ್ತಾರೆ."

ಇನ್ನೊಂದು ಸಂಗತಿ ಇತ್ತು. ಮೆಕ್ಯಾನಿಕ್ಕನ್ನು ಕೇಳಿ ಹೇಳುತ್ತೇನೆಂದು ಯಜಮಾನರು ಗಿರಾಕಿಯನ್ನು ಆಗಾಗ ಹೋಲ್ಡ್‌ನಲ್ಲಿ ಇಡುತ್ತಿದ್ದರು. ಆಗ ಆ ಕಡೆಯವರಿಗೆ ಕೊಳಲಿನ ಸಂಗೀತ ಕೇಳಿಸುತ್ತಿತ್ತು. ಆಫೀಸಿನ ಮಾತು ನಮಗೆ ಕೇಳಿಸುತ್ತಿಲ್ಲ ಅಂದಮೇಲೆ ನಮ್ಮ ಮಾತೂ ಅವರಿಗೆ ಕೇಳಿಸುವುದಿಲ್ಲ ಎಂದು ಜನ ತಿಳಿದುಕೊಳ್ಳುತ್ತಿದ್ದರು. ಪೆಟ್ಟಿಗೆಯ ಕಿವಿ ಮಾತ್ರ ತೆರೆದೇ ಇರುತ್ತಿತ್ತು. 'ಕೊಳಲು ಶುರುವಾದ ಕೂಡಲೇ ಜನ ತಮ್ಮ ಮನೆಗೆ ವಾಪಸ್ಸು ಹೋಗುತ್ತಾರೆ' ಎಂದು ಅವಳು ಡೈರಿಯಲ್ಲಿ ಬರೆದಿದ್ದಳು. ಯಾರೋ ಮಗನಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ಯಾರೋ ಡಾಕ್ಟರ್ ಹೇಳಿದ್ದನ್ನು ಅತ್ತೆಗೆ ಹೇಳಬೇಡ ಎನ್ನುತ್ತಿದ್ದರು. ಒಬ್ಬಾತ ಕೊಳಲಿನ ಜೊತೆಗೇ ಹಾಡುತ್ತಿದ್ದ, ಚೆನ್ನಾಗಿಯೇ.

ಒಂದು ಮಂಗಳವಾರ ಬೆಳಿಗ್ಗೆ ಅವಳು ಹಿಂದಿನ ದಿನದ ಕರೆಗಳನ್ನು ಕೇಳುತ್ತಿದ್ದಳು. ಮನೆಯಲ್ಲೇ ಶಾಲೆ ಮಕ್ಕಳ ಸಮವಸ್ತ್ರ ಹೊಲಿದುಕೊಡುವ ಒಬ್ಬ ಹೆಂಗಸಿನ ಕರೆ ಬಂತು. ಮೆಷಿನಿನ ಪೈಪು ಸೋರಿ ಮನೆಯೆಲ್ಲ ನೀರು.

"ಗುರುವಾರ ಕಳಿಸ್ತೀನಮ್ಮಾ," ಎಂದಿದ್ದರು ಯಜಮಾನರು.

"ಗುರುವಾರ ಬೇಡ ಸಾರ್. ಬುಧವಾರನೇ ಕಳಿಸಿ."

"ಇರಿ, ಕೇಳಿ ಹೇಳ್ತೀನಿ."

ಕೊಳಲು ಶುರುವಾಯಿತು. ಆ ಹೆಂಗಸು ಪಕ್ಕದಲ್ಲಿದ್ದ ತನ್ನ ಅಕ್ಕನ ಜೊತೆ ಮೆಲ್ಲಗೆ ಮಾತಾಡತೊಡಗಿದಳು.

"ಗುರುವಾರ ಬೆಳಿಗ್ಗೆ ಅವರು ಲಾರಿ ತಗೊಂಡು ಹೊರಟ್ರೆ ಮೂರು ದಿನ ಬರಲ್ಲ ಅಕ್ಕಾ. ನಾನು, ಪಾಪು ಹತ್ತು ಗಂಟೆಗೆ ನಿಮ್ಮನೆಗೆ ಬಂದ್ಬಿಡ್ತೀವಿ. ಪಾಪು ಸರ್ಟಿಫಿಕೇಟು, ನನ್ನ ಕಾಗದಪತ್ರ ಎಲ್ಲಾ ಯೂನಿಫಾರ್ಮ್ ಗಂಟಲ್ಲಿ ಇಟ್ಟಿದೀನಿ. ಅದನ್ನ ಅವರು ಮುಟ್ಟಲ್ಲ."

"ಮತ್ತೆ ಮನಸ್ಸು ಬದಲಾಯಿಸ್ಬೇಡ್ವೇ."

"ಇಲ್ಲ. ಇನ್ನೊಂದು ಸಲ ಹೊಡೆಸ್ಕೊಂಡ್ರೆ ನಾನು ಉಳಿಯಲ್ಲ. ನೀನೊಬ್ಬಳೇ ನನಗಿರೋದು. ಯಾರಿಗೂ ಬಾಯಿ ಬಿಡಬೇಡ."

ಕೊಳಲು ನಿಂತಿತು. ಬುಧವಾರ ಆಗುವುದಿಲ್ಲ, ಶುಕ್ರವಾರ ಬರುತ್ತೇವೆ ಎಂದರು ಯಜಮಾನರು. ಆಕೆ ಬೇರೇನೋ ಯೋಚನೆಯಲ್ಲಿ "ಹೂಂ, ಸರಿ" ಅಂದು ಫೋನಿಟ್ಟಳು.

ಇವಳು ಹೆಡ್‌ಫೋನು ತೆಗೆದಿಟ್ಟಳು. ಪುಸ್ತಕದಲ್ಲಿ 'ಪೈಪು ಸೋರಿಕೆ, ಶುಕ್ರವಾರ' ಎಂದಷ್ಟೇ ಬರೆದಳು. ಬಾಕಿಯದನ್ನು ನುಂಗಿಕೊಂಡಳು. ನುಂಗಿಕೊಳ್ಳುವುದು ಅವಳಿಗೆ ಹೊಸದೇನಲ್ಲ.

ಬುಧವಾರ ಮಧ್ಯಾಹ್ನ ಒಬ್ಬ ಮನುಷ್ಯ ಮೆಟ್ಟಿಲು ಹತ್ತಿ ಬಂದ. ಒಗೆದ ಅಂಗಿ, ತಿದ್ದಿ ಬಾಚಿದ ತಲೆ, ಕೈಯಲ್ಲಿ ಮೆಷಿನಿನ ಬಿಲ್ಲು. ಏರುದನಿಯಲ್ಲಿ ಮಾತಾಡಲೇ ಇಲ್ಲ.

"ಬುಧವಾರ ಬರ್ತೀವಿ ಅಂದ್ರಂತೆ. ಅರ್ಧ ದಿನ ಮನೇಲಿ ಕಾದೆ. ಕೆಲಸ ಬಿಟ್ಟು ಕೂತಿದೀನಿ ಸಾರ್."

"ನಾವು ಶುಕ್ರವಾರ ಅಂದಿದ್ದು ಸ್ವಾಮಿ. ನಿಮ್ಮ ಮನೆಯವರೇ ಒಪ್ಕೊಂಡ್ರು."

"ಅವಳು ಬುಧವಾರ ಅಂತಾಳಲ್ಲ?"

ಯಜಮಾನರ ಮುಖ ಅರಳಿತು. ಇಂಥ ಹೊತ್ತಿಗೆಂದೇ ಅಲ್ಲವೇ ಪೆಟ್ಟಿಗೆ ಹಾಕಿಸಿದ್ದು? "ಬಾಯಿಮಾತು ಯಾಕೆ? ರೆಕಾರ್ಡೇ ಇದೆ. ಬಿಲ್ಲು ನಿಮ್ಮ ಹೆಸರಲ್ಲೇ ಇದೆಯಲ್ಲ, ನೀವೇ ಕೇಳಿ. ಏನಮ್ಮಾ, ಸೋಮವಾರದ ಆ ಕರೆ ಇವರ ಫೋನಿಗೆ ಕಳಿಸು."

ಅವಳು ತಲೆಯೆತ್ತಿದಳು. "ಸಾರ್..." ಎಂದಳು.

"ಏನು?"

ಹೋಲ್ಡ್‌ನ ಭಾಗ ತೆಗೆದು ಕಳಿಸುತ್ತೇನೆ ಎನ್ನಬಹುದಿತ್ತು. ಅಷ್ಟೂ ಬೇಡ, ಫೈಲು ಸಿಗುತ್ತಿಲ್ಲ ಎಂದು ಒಂದು ಸುಳ್ಳು ಹೇಳಬಹುದಿತ್ತು. ಯಜಮಾನರು ಅವಳ ಕುರ್ಚಿಯ ಹಿಂದೆಯೇ ಬಂದು ನಿಂತರು. ಅವಳ ಬೆರಳು ಒತ್ತಿತು. ಆತನ ಜೇಬಿನಲ್ಲಿ ಫೋನು 'ಟಿಂಗ್' ಎಂದಿತು.

"ಥ್ಯಾಂಕ್ಸಮ್ಮಾ," ಎಂದು ಆತ ಹೊರಟ.

ಅವಳು ಅವನ ಹೆಜ್ಜೆ ಎಣಿಸಿದಳು. ಇದ್ದದ್ದು ಹದಿನೆಂಟು ಮೆಟ್ಟಿಲು. ಒಂಬತ್ತಕ್ಕೆ ಹೆಜ್ಜೆ ನಿಂತಿತು. ಸಣ್ಣಗೆ ಕೊಳಲು ಕೇಳಿಸಿತು. ಕೊಳಲು ನಿಂತ ಮೇಲೂ ಆತ ಅಲ್ಲೇ ಇದ್ದ. ಆಮೇಲೆ ನಿಧಾನವಾಗಿ, ಒಂದೊಂದೇ ಮೆಟ್ಟಿಲು ಇಳಿದುಹೋದ.

ಶುಕ್ರವಾರ ಪೈಪು ಬದಲಾಯಿಸಲು ಹೋದ ಮೆಕ್ಯಾನಿಕ್ ಅಣ್ಣ ಹೋದಷ್ಟೇ ಬೇಗ ವಾಪಸ್ಸು ಬಂದ. ಟೀ ಲೋಟ ಹಿಡಿದು ಸುಮ್ಮನೆ ಕೂತ. ಯಾವತ್ತೂ ಬಾಯಿ ಮುಚ್ಚದವನು.

"ಏನಣ್ಣಾ?"

"ಆ ಹೊಲಿಗೆ ಹೆಂಗಸಿನ ಬಲಗೈ ಮುರಿದಿದೆಯಮ್ಮಾ. ಇಲ್ಲಿಂದ ಇಲ್ಲೀವರೆಗೆ ಪ್ಲಾಸ್ಟರು. ಮೆಟ್ಟಿಲಿಂದ ಬಿದ್ದೆ ಅಂದ್ರು." ಅವನು ಲೋಟ ಕೆಳಗಿಟ್ಟ. "ಆ ಮನೇಲಿ ಮೆಟ್ಟಿಲೇ ಇಲ್ಲ. ನೆಲದ ಮೇಲೇ ಇದೆ ಮನೆ."

ಅವಳು ಬರೆಯುತ್ತಿದ್ದ ಪುಸ್ತಕ ಮುಚ್ಚಿದಳು.

"ನಾನು ಇರೋವಾಗ್ಲೇ ಅವರಕ್ಕ ಊಟದ ಡಬ್ಬಿ ಹಿಡ್ಕೊಂಡು ಬಂದ್ರು. ಈಯಮ್ಮ ಬಾಗಿಲಲ್ಲೇ ತಡೆದು ಹೇಳ್ತಾಳೆ, 'ನಿನಗೊಬ್ಬಳಿಗೇ ಹೇಳಿದ್ದೆ. ಅವರಿಗೆ ಹೇಗೆ ಗೊತ್ತಾಯ್ತು? ನಿನ್ನವರೇ ಹೇಳಿದ್ರು ಅಂತ ನಗ್ತಾರೆ. ಇನ್ನೇನು ಬಾಕಿ ಇದೆ ಅವರಿಗೆ ಹೇಳೋಕೆ?' ಅಂತ. ಅಕ್ಕ ಆಣೆ ಮಾಡಿ ಅತ್ರು. ಇವಳು ಎಡಗೈಯಲ್ಲಿ ಬಾಗಿಲು ಹಾಕಿದಳು. ಡಬ್ಬಿ ಹೊರಗೇ ಉಳೀತು."

ಅಂದರೆ ಹೋಗಲು ಇದ್ದ ಒಂದೇ ಮನೆಯ ಬಾಗಿಲೂ ಮುಚ್ಚಿಹೋಗಿತ್ತು. ಮುಚ್ಚಿದ್ದು ಯಾರೆಂದು ಈ ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಹೊಡೆದವನಿಗೆ, ಮತ್ತೆ ಇವಳಿಗೆ.

ಅಂದಿನ ಡೈರಿಯಲ್ಲಿ ಒಂದೇ ವಾಕ್ಯ, ಪುಟದ ತುಂಬ: 'ಹೋಲ್ಡ್ ಭಾಗ ತೆಗೆದು ಕಳಿಸುತ್ತೇನೆ ಸಾರ್.' ಬರೆಯುವಾಗ ಎಷ್ಟು ಸುಲಭವಾಗಿ ಬರುತ್ತದೆ!

ಭಾನುವಾರ ಚಿಕ್ಕಮ್ಮ ಮನೆಗೆ ಬಂದರು. ಚಿಕ್ಕಮ್ಮ ಕಾನೂನು ನೆರವು ಕೇಂದ್ರದಲ್ಲಿ ವಕೀಲೆ. ಅಮ್ಮ ಬಟ್ಟೆ ಮಡಚುತ್ತಿದ್ದಳು. ಇವಳು ದಿಂಬಿನ ಕವರನ್ನು ಹತ್ತು ಸಲ ಮಡಚಿ ಬಿಚ್ಚಿ ಕೇಳಿದಳು:

"ಚಿಕ್ಕಮ್ಮಾ, ನನ್ನ ಸ್ನೇಹಿತೆಯ ಆಫೀಸಲ್ಲಿ... ಬಂದ ಫೋನೆಲ್ಲ ರೆಕಾರ್ಡ್ ಮಾಡ್ತಾರಂತೆ. ಯಾರಿಗೂ ಹೇಳದೆ. ಮಾಡಬಹುದಾ?"

ಚಿಕ್ಕಮ್ಮ ಉತ್ತರ ಕೊಡುವ ಮೊದಲೇ ಅಮ್ಮ ಬಾಯಿ ಹಾಕಿದಳು. "ಮಾಡ್ಕೊಂಡ್ರೆ ಏನಂತೆ? ನಾವೇನು ಕಳ್ಳತನ ಮಾಡ್ತಿದೀವಾ? ನನ್ನ ಮಾತು ರೆಕಾರ್ಡ್ ಮಾಡ್ಕೊಂಡ್ರೆ ಅವರಿಗೇ ತಲೆನೋವು."

"ಅದು ನಿಜ ಅಕ್ಕಾ," ಎಂದು ಚಿಕ್ಕಮ್ಮ ನಕ್ಕರು. "ಮೊನ್ನೆ ಗ್ಯಾಸಿನವರಿಗೆ ಫೋನ್ ಮಾಡಿ ಕಾಯ್ತಾ ಇದ್ದೆಯಲ್ಲ, ಆಗ ನನ್ನ ಹತ್ರ ನಿನ್ನ ಓರಗಿತ್ತಿ ವಿಷಯ ಏನೋ ಹೇಳ್ತಿದ್ದೆ. ಪೂರ್ತಿ ನೆನಪಿದೆಯಾ?"

ಅಮ್ಮನ ಕೈಯಲ್ಲಿದ್ದ ಟವೆಲು ಜಾರಿತು. "ಅಯ್ಯೋ. ಅದೂ ಆಗಿರುತ್ತಾ?"

"ಆಗಿರಬಹುದು. ಆಗಿಲ್ಲದೇನೂ ಇರಬಹುದು. ಹೇಳದೇ ಇದ್ರೆ ಗೊತ್ತಾಗೋದು ಹೇಗೆ? ಅದೇ ಇರೋ ತೊಂದರೆ."

ಆಮೇಲೆ ಚಿಕ್ಕಮ್ಮ ಇವಳ ಕಡೆ ತಿರುಗಿ, ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು. "ನೋಡು ಪುಟ್ಟೀ, ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಕೆಲವು ಕಡೆ ಮಾತಾಡೋರಲ್ಲಿ ಒಬ್ಬರಿಗೆ ಗೊತ್ತಿದ್ರೆ ಸಾಕು ಅಂತಾರೆ. ಕೆಲವು ಕಡೆ ಇಬ್ಬರೂ ಒಪ್ಪಲೇಬೇಕು. ಆದ್ರೆ ವ್ಯಾಪಾರ ಮಾಡೋರು ಗಿರಾಕಿಗಳ ಮಾತು ತುಂಬಿಟ್ಕೊಳ್ತಾರೆ ಅಂದ್ರೆ, ಬಹಳ ಕಡೆ ಮೊದಲೇ ಹೇಳಬೇಕು. ರೆಕಾರ್ಡ್ ಆಗ್ತಿದೆ, ಇಂಥ ಕೆಲಸಕ್ಕೆ ಅಂತ. ಮಾತು ಮುಗಿದ ಮೇಲಲ್ಲ, ಶುರುವಾಗೋಕೆ ಮುಂಚೆ. ಯಾವ ಕೆಲಸಕ್ಕೆ ಅಂತ ಹೇಳ್ತಾರೋ ಅದಕ್ಕೆ ಮಾತ್ರ ಬಳಸಬೇಕು. ಪೈಪು ಸೋರೋ ದೂರಿಗೆ ಮನೆಯೊಳಗಿನ ಮಾತು ಯಾಕೆ ಬೇಕು ಇವರಿಗೆ?"

"ಹೆಂಡತಿ ಮಾಡಿದ ಕರೆನ ಗಂಡ ಬಂದು ಕೇಳಿದ್ರೆ? ಬಿಲ್ಲು ಅವನ ಹೆಸರಲ್ಲೇ ಇದ್ರೆ?"

"ಬಿಲ್ಲು ಅವನದಾದ್ರೆ ಮೆಷಿನು ಅವನದು. ಅವಳ ಮಾತೂ ಅವನದಾಗಿಬಿಡುತ್ತಾ?" ಚಿಕ್ಕಮ್ಮ ಅವಳ ಮುಖವನ್ನೇ ನೋಡಿದರು. "ಪುಟ್ಟೀ, ಅದು ಸ್ನೇಹಿತೆಯ ಆಫೀಸಾ?"

ದಿಂಬಿನ ಕವರು ಒದ್ದೆಯಾಗತೊಡಗಿತು. ಅಮ್ಮ ಏನೂ ಕೇಳದೆ ಬಂದು ಪಕ್ಕ ಕೂತಳು.

ಸೋಮವಾರ ಅವಳು ಯಜಮಾನರ ಮೇಜಿನ ಮೇಲೆ ಒಂದು ಪತ್ರ ಇಟ್ಟಳು. ಬಾಯಲ್ಲಿ ಹೇಳಲಾಗದ್ದನ್ನು ನಾಲ್ಕು ಪುಟ ಬರೆದಿದ್ದಳು. ಯಜಮಾನರು ಮೊದಲನೆಯ ಪುಟ ಓದಿ ಹುಬ್ಬೇರಿಸಿದರು.

"ಇದೇನಮ್ಮಾ, ಮಾತಿಗೆ ಬರ, ಬರೆಯೋಕೆ ಪ್ರವಾಹ! ಸೂಚನೆ ಹಾಕಿದ್ರೆ ಜನ ಫೋನ್ ಇಡ್ತಾರೆ ಅಂತ ಎಷ್ಟು ಸಲ ಹೇಳಲಿ?"

ಎರಡನೆಯ ಪುಟಕ್ಕೆ ಬಂದಾಗ ಅವರು ನಗಲಿಲ್ಲ. "ಹೋಲ್ಡಲ್ಲೂ ರೆಕಾರ್ಡ್ ಆಗುತ್ತಾ? ಯಾರೂ ನನಗೆ ಹೇಳಲಿಲ್ಲ."

"ನಿಮಗೇ ಯಾರೂ ಹೇಳಲಿಲ್ಲ," ಎಂದ ಬಾಗಿಲಲ್ಲಿ ನಿಂತಿದ್ದ ಮೆಕ್ಯಾನಿಕ್ ಅಣ್ಣ. "ಗಿರಾಕಿಗೆ ಯಾರು ಹೇಳ್ತಾರೆ ಸಾರ್? ನೀವೂ ಮನೆಯಿಂದ ಇಲ್ಲಿಗೆ ಫೋನ್ ಮಾಡಿ ಕಾಯ್ತಿರ್ತೀರಿ. ಅಮ್ಮಾವ್ರ ಜೊತೆ ಏನೇನು ಮಾತಾಡಿದೀರೋ."

ಯಜಮಾನರ ಕಿವಿ ಕೆಂಪಾಯಿತು. "ಆ ಹೆಂಗಸಿನ ಕರೇಲಿ ಅಂಥದ್ದೇನಿತ್ತು? ಹಾಕು, ಕೇಳೋಣ."

ಅವರು ಹೆಡ್‌ಫೋನಿಗೆ ಕೈ ಚಾಚಿದರು. ಇವಳು ಅದರ ಮೇಲೆ ತನ್ನ ಎರಡೂ ಕೈ ಇಟ್ಟು, ಬೇಡ ಎಂದು ತಲೆಯಾಡಿಸಿದಳು. ಯಜಮಾನರಿಗೆ ಅವಳು ಎದುರಾಡಿದ್ದು ಅದೇ ಮೊದಲು. ಅವರು ಅವಳ ಕೈ ನೋಡಿದವರೇ ಕುರ್ಚಿಯಲ್ಲಿ ಕುಸಿದರು.

"ಕಳಿಸು ಅಂದವನು ನಾನು," ಎಂದರು. ಆ ದೊಡ್ಡ ಗಂಟಲು ಮೊದಲ ಸಲ ಚಿಕ್ಕದಾಗಿತ್ತು.

ಆ ವಾರದಲ್ಲೇ ಪೆಟ್ಟಿಗೆಯವನು ಬಂದ. ಹೋಲ್ಡ್‌ಗೆ ಹಾಕಿದ ಕೂಡಲೇ ರೆಕಾರ್ಡ್ ನಿಲ್ಲುವಂತೆ ಮಾಡಿದ. ಹಳೆಯ ಕರೆಗಳಿಂದ ಹೋಲ್ಡ್‌ನ ಮಾತೆಲ್ಲ ಅಳಿಸಿದರು. ಆ ಒಂದು ಕರೆಯನ್ನು ಮಾತ್ರ, ಮುಂದೆ ಆ ಹೆಂಗಸಿಗೇ ಸಾಕ್ಷಿಯಾಗಿ ಬೇಕಾದೀತು ಎಂದು ಚಿಕ್ಕಮ್ಮ ಹೇಳಿದ್ದರಿಂದ, ಯಾರೂ ಕೇಳದಂತೆ ಬೀಗ ಹಾಕಿ ಇಟ್ಟರು. ಹೊಸ ಸೂಚನೆಯನ್ನು ಯಾರ ದನಿಯಲ್ಲಿ ಹಾಕುವುದೆಂಬ ಮಾತು ಬಂತು. "ನನ್ನದು ಹಾಕಿದ್ರೆ ಜನ ಹೆದರ್ಕೊಂಡೇ ಇಟ್ಬಿಡ್ತಾರೆ. ನೀನೇ ಹೇಳಮ್ಮಾ," ಎಂದರು ಯಜಮಾನರು. ಏಳು ಸಲ ಹೇಳಿಸಿದ ಮೇಲೆ ಸರಿಯಾಯಿತು: "ನಮಸ್ಕಾರ. ದೂರು ಸರಿಯಾಗಿ ಬರೆದುಕೊಳ್ಳಲು ಈ ಕರೆಯನ್ನು ರೆಕಾರ್ಡ್ ಮಾಡುತ್ತೇವೆ. ಮೂರು ತಿಂಗಳಿಗೆ ಅಳಿಸುತ್ತೇವೆ. ಬೇಡವೆಂದರೆ ಎರಡನ್ನು ಒತ್ತಿ." ಎಣಿಸಿ ಹನ್ನೆರಡು ಸೆಕೆಂಡು. ಅದಕ್ಕಾಗಿ ಫೋನಿಟ್ಟವರು ಯಾರೂ ಕಾಣಲಿಲ್ಲ.

ಆದರೆ ಯಜಮಾನರು ಅವಳನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತನ್ನೂ ಹೇಳಿದ್ದರು. "ಇಷ್ಟು ಮಾಡಿದ್ವಿ, ಸಾಕು. ಆ ಹೆಂಗಸಿಗೆ ಮಾತ್ರ ಏನೂ ಹೇಳೋಕೆ ಹೋಗ್ಬೇಡ. ಹೇಳಿದ್ರೆ ನಾವೇ ಸಿಕ್ಕಿಹಾಕ್ಕೊಳ್ತೀವಿ. ನಿನ್ನ ಕೆಲಸನೂ ಹೋಗುತ್ತೆ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕಥೆ ಇನ್ನೂ ಸ್ವಲ್ಪ ಇದೆ. ಅದಕ್ಕೆ ಮೊದಲು ನಿಮ್ಮ ಹತ್ತಿರ ಒಂದು ಮಾತು. ಯಾವುದೇ ಅಂಗಡಿಗೆ, ಆಫೀಸಿಗೆ ಫೋನು ಮಾಡಿದಾಗ ಮೊದಲು ಕೇಳಿ: ಇದು ರೆಕಾರ್ಡ್ ಆಗುತ್ತಾ, ಯಾಕೆ, ಯಾರು ಕೇಳ್ತಾರೆ? ಹಾಗೆ ಕೇಳುವುದು ಜಗಳವಲ್ಲ, ನಿಮ್ಮ ಹಕ್ಕು. ಸಂಗೀತ ಕೇಳಿಸುತ್ತಿದೆಯೆಂದು ಮನೆಯ ಗುಟ್ಟು ಆಡಬೇಡಿ, ಆ ಕಡೆ ಕಿವಿ ತೆರೆದಿರಬಹುದು. ನೀವೇ ಅಂಗಡಿ ನಡೆಸುವವರಾದರೆ, ನಿಮ್ಮ ಊರಿನ ಕಾನೂನು ಏನು ಹೇಳುತ್ತದೆಂದು ತಿಳಿದವರನ್ನು ಇವತ್ತೇ ವಿಚಾರಿಸಿ, ಮಾತು ಶುರುವಾಗುವ ಮುಂಚೆ ಗಿರಾಕಿಗೆ ತಿಳಿಸಿ. ಒಬ್ಬರ ಮಾತನ್ನು ಇನ್ನೊಬ್ಬರ ಕೈಗೆ ಕೊಡುವ ಮೊದಲು, ಆ ಮಾತಾಡಿದವರನ್ನು ಒಂದು ಸಲ ನೆನೆಯಿರಿ. ಹನ್ನೆರಡು ಸೆಕೆಂಡು ಸಾಕು. ಅಷ್ಟನ್ನು ಉಳಿಸಲು ಹೋಗಿ ಇಲ್ಲಿ ಒಂದು ಕೈ ಮುರಿದಿದೆ.

ಈಗ ಉಳಿದ ಕಥೆ.

ಅದಾಗಿ ಹತ್ತು ದಿನ. ಯಜಮಾನರು ಹೊರಗೆ ಹೋಗಿದ್ದರು. ಫೋನು ಬಂತು, ಇವಳೇ ಎತ್ತಬೇಕಾಯಿತು. ಮೊದಲು ಅವಳದೇ ದನಿ ಸೂಚನೆ ಹೇಳಿತು. ಆ ಕಡೆ ಸ್ವಲ್ಪ ತಡವಾಯಿತು. ಆಮೇಲೆ ಎರಡನ್ನು ಒತ್ತಿದ ಸದ್ದು. ಪೆಟ್ಟಿಗೆಯ ಕೆಂಪು ದೀಪ ಆರಿತು.

"ಎಡಗೈಯಲ್ಲಿ ಒತ್ತೋದು ತಡ ಆಗುತ್ತೆ," ಎಂದಿತು ಆ ಕಡೆಯ ದನಿ. ಅವಳಿಗೆ ಆ ದನಿ ಚೆನ್ನಾಗಿ ಗೊತ್ತಿತ್ತು. "ಪೈಪು ಮತ್ತೆ ಸೋರ್ತಿದೆ. ಒಂದೇ ಕೈಲಿ ನೆಲ ಒರೆಸೋಕಾಗಲ್ಲ ಮೇಡಂ, ಇವತ್ತೇ ಕಳಿಸ್ತೀರಾ?"

"ಮನೇಲಿ... ನೀವೊಬ್ರೇ ಇದೀರಾ ಮೇಡಂ?"

"ಹೂಂ. ಅವರು ಲಾರಿ ಮೇಲೆ ಹೋಗಿದಾರೆ. ನಾಡಿದ್ದು ಬರೋದು. ಯಾಕೆ?" ಆಕೆ ತಡೆದಳು. "ಈ ರೆಕಾರ್ಡ್ ಮಾಡೋದು ಈಗ ಶುರುವಾಗಿದ್ದಾ? ಮೊದಲು ಮಾಡ್ತಿರಲಿಲ್ಲ ಅಲ್ವಾ?"

ಇವಳು ಹೋಲ್ಡ್ ಗುಂಡಿಯನ್ನು ನೋಡಿದಳು. ಒತ್ತಿದರೆ ಕೊಳಲು ಶುರುವಾಗುತ್ತಿತ್ತು. ನಾಲ್ಕು ನಿಮಿಷ ತಪ್ಪಿಸಿಕೊಳ್ಳಬಹುದಿತ್ತು. ಯಜಮಾನರ ಖಾಲಿ ಕುರ್ಚಿಯನ್ನು ನೋಡಿದಳು. ಬಾಗಿಲಾಚೆ ಉಳಿದ ಊಟದ ಡಬ್ಬಿ, ಅವಳು ಕಣ್ಣಾರೆ ಕಂಡಿರದಿದ್ದರೂ, ಕಣ್ಣ ಮುಂದೆಯೇ ಇತ್ತು. ಅವಳು ಗುಂಡಿಯಿಂದ ಕೈ ತೆಗೆದು, ಎದ್ದು ನಿಂತು, ಕೆಳಗಿನ ಟೈರಿನ ಅಂಗಡಿಗೂ ಕೇಳಿಸುವ ಹಾಗೆ ಹೇಳಿದಳು:

"ಮೊದಲೂ ಮಾಡ್ತಿದ್ವಿ ಮೇಡಂ, ನಿಮಗೆ ಹೇಳದೇನೇ. ನಿಮ್ಮ ಅಕ್ಕ ಯಾರಿಗೂ ಹೇಳಿಲ್ಲ. ನೀವು ಅವತ್ತು ಆಡಿದ ಮಾತನ್ನ ನಿಮ್ಮ ಗಂಡನ ಫೋನಿಗೆ ಕಳಿಸಿದ್ದು ನಾನು."